ಒಂದೇ ಪಟ್ಟಿಯ ನಾಲ್ವರು, ಬೇರೆ ಬೇರೆ ತೀರ್ಪು: ಎಕ್ಸಾನ್‌ಮೊಬಿಲ್‌ನ 2021ರ ನಿರ್ದೇಶಕರ ಚುನಾವಣೆ

2021ರ ಮೇ 26ರಂದು ಅಮೆರಿಕದ ತೈಲ ಕಂಪನಿ ಎಕ್ಸಾನ್‌ಮೊಬಿಲ್‌ನ ವಾರ್ಷಿಕ ಸಭೆಯಲ್ಲಿ 12 ನಿರ್ದೇಶಕ ಸ್ಥಾನಗಳಿಗೆ 16 ಮಂದಿ ಕಣದಲ್ಲಿದ್ದರು. 12 ಮಂದಿಯನ್ನು ಕಂಪನಿಯ ಮಂಡಳಿಯೇ ಸೂಚಿಸಿತ್ತು. ಉಳಿದ ನಾಲ್ವರನ್ನು ನಿಲ್ಲಿಸಿದ್ದು ಇಂಜಿನ್ ನಂಬರ್ ಒನ್ ಎಂಬ, ಹಿಂದಿನ ವರ್ಷವಷ್ಟೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ್ದ ಸಣ್ಣ ಹೂಡಿಕೆ ಸಂಸ್ಥೆ. ಅದರ ಕೈಯಲ್ಲಿದ್ದ ಷೇರುಗಳ ಬೆಲೆ ಸುಮಾರು 4 ಕೋಟಿ ಡಾಲರ್, ಅಂದರೆ ಕಂಪನಿಯ ಒಟ್ಟು ಷೇರುಗಳಲ್ಲಿ ಶೇ 0.02ರಷ್ಟು. ಆದರೂ ಅದರ ನಾಲ್ವರಲ್ಲಿ ಮೂವರು ಗೆದ್ದು ಮಂಡಳಿಯನ್ನು ಸೇರಿದರು, ಒಬ್ಬರು ಸೋತರು.

ಈ ಫಲಿತಾಂಶವನ್ನು ಹವಾಮಾನದ ಕಾಳಜಿಗೆ ಸಿಕ್ಕ ಜಯವೆಂದು ಆಗ ವ್ಯಾಪಕವಾಗಿ ಬಣ್ಣಿಸಲಾಯಿತು. ಆ ವಿವರಣೆ ಪೂರ್ತಿ ತಪ್ಪಲ್ಲವಾದರೂ ಸೋತ ಆ ಒಬ್ಬರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ನಾಲ್ವರೂ ನಿಂತದ್ದು ಒಂದೇ ಪಟ್ಟಿಯಲ್ಲಿ, ಒಂದೇ ವಾದದ ಆಧಾರದಲ್ಲಿ, ಒಂದೇ ಪ್ರಚಾರದ ಬೆಂಬಲದಿಂದ. ಷೇರುದಾರರು ಒಂದು ಆಶಯಕ್ಕೆ ಮತ ಹಾಕಿದ್ದರೆ ನಾಲ್ವರೂ ಒಟ್ಟಿಗೆ ಗೆಲ್ಲಬೇಕಿತ್ತು ಅಥವಾ ಒಟ್ಟಿಗೆ ಸೋಲಬೇಕಿತ್ತು. ಹಾಗಾಗದೆ ಇಬ್ಬರು ಸುಲಭವಾಗಿ, ಒಬ್ಬರು ತಡವಾಗಿ ಗೆದ್ದು ಒಬ್ಬರು ಹೊರಗುಳಿದರು ಎಂಬುದರಿಂದಲೇ ದೊಡ್ಡ ಹೂಡಿಕೆದಾರರು ನಿರ್ದೇಶಕರನ್ನು ಹೇಗೆ ತೂಗಿ ನೋಡುತ್ತಾರೆಂಬುದನ್ನು ಅರಿಯಲು ಈ ಪ್ರಕರಣ ಅಪರೂಪದ ಅವಕಾಶ ಕೊಡುತ್ತದೆ.

ಕಣ ಸಿದ್ಧವಾದ ಬಗೆ

ಅಮೆರಿಕದ ದೊಡ್ಡ ಕಂಪನಿಗಳಲ್ಲಿ ನಿರ್ದೇಶಕರ ಚುನಾವಣೆಗೆ ಸಾಮಾನ್ಯವಾಗಿ ಪೈಪೋಟಿಯೇ ಇರುವುದಿಲ್ಲ. ಎಷ್ಟು ಸ್ಥಾನಗಳೋ ಅಷ್ಟೇ ಹೆಸರುಗಳು ಮತಪತ್ರದಲ್ಲಿರುತ್ತವೆ, ಬಹುತೇಕ ಎಲ್ಲರೂ ಶೇ 90ಕ್ಕಿಂತ ಹೆಚ್ಚು ಮತ ಪಡೆದು ಆಯ್ಕೆಯಾಗುತ್ತಾರೆ. ಅಂಥ ವರ್ಷಗಳಲ್ಲಿ ಷೇರುದಾರರ ಮೌಲ್ಯಮಾಪನವು ಸಭೆಗಳಿಗೆ ಹಾಜರಾದ ಪ್ರಮಾಣ, ಏಕಕಾಲಕ್ಕೆ ಎಷ್ಟು ಕಂಪನಿಗಳ ಮಂಡಳಿಗಳಲ್ಲಿ ಇದ್ದಾರೆ, ಸ್ವತಂತ್ರರೇ ಅಲ್ಲವೇ, ಕಾರ್ಯನಿರ್ವಾಹಕರ ಸಂಬಳವನ್ನು ನಿಗದಿ ಮಾಡುವ ಸಮಿತಿಯಲ್ಲಿ ಹೇಗೆ ನಡೆದುಕೊಂಡಿದ್ದಾರೆ ಎಂಬಂಥ ಪರಿಶೀಲನೆಗೆ ಸೀಮಿತವಾಗಿರುತ್ತದೆ. ಎಕ್ಸಾನ್‌ನಲ್ಲೂ ವರ್ಷಾನುಗಟ್ಟಲೆ ನಡೆದದ್ದು ಇದೇ.

ಅಸಮಾಧಾನ ಮಾತ್ರ ಮೊದಲೇ ಇತ್ತು. 2017ರ ಸಭೆಯಲ್ಲಿ, ಹವಾಮಾನ ನೀತಿಗಳು ಕಂಪನಿಯ ವ್ಯವಹಾರದ ಮೇಲೆ ಬೀರಬಹುದಾದ ಪರಿಣಾಮವನ್ನು ವರದಿ ಮಾಡಬೇಕೆಂಬ ನಿರ್ಣಯಕ್ಕೆ ಮಂಡಳಿಯ ವಿರೋಧವಿದ್ದರೂ ಶೇ 62ರಷ್ಟು ಮತ ಬಿದ್ದಿತ್ತು. 2020ರಲ್ಲಿ ಜಗತ್ತಿನ ಅತಿದೊಡ್ಡ ಆಸ್ತಿ ನಿರ್ವಹಣಾ ಸಂಸ್ಥೆಯಾದ ಬ್ಲ್ಯಾಕ್‌ರಾಕ್ ಇಬ್ಬರು ನಿರ್ದೇಶಕರ ವಿರುದ್ಧ ಮತ ಹಾಕಿ, ಅಧ್ಯಕ್ಷ ಹುದ್ದೆಯನ್ನು ಮುಖ್ಯ ಕಾರ್ಯನಿರ್ವಾಹಕರಿಂದ ಬೇರ್ಪಡಿಸಬೇಕೆಂಬ ನಿರ್ಣಯವನ್ನು ಬೆಂಬಲಿಸಿತ್ತು. ಅಂದರೆ ಇಂಜಿನ್ ನಂಬರ್ ಒನ್ ಬರುವ ಮೊದಲೇ ದೊಡ್ಡ ಷೇರುದಾರರು ಮಂಡಳಿಯ ಮಾತಿಗೆ ಪೂರ್ತಿ ಕಿವಿಗೊಡುವುದನ್ನು ನಿಲ್ಲಿಸಿದ್ದರು. ಅವರ ಮುಂದೆ ಬದಲಿ ಹೆಸರುಗಳು ಮಾತ್ರ ಇರಲಿಲ್ಲ.

2020ರ ಡಿಸೆಂಬರ್‌ನಲ್ಲಿ ಇಂಜಿನ್ ನಂಬರ್ ಒನ್ ಮಂಡಳಿಗೆ ಬರೆದ ಪತ್ರದಲ್ಲಿ ನಾಲ್ಕು ಬೇಡಿಕೆಗಳಿದ್ದವು: ಇಂಧನ ಉದ್ಯಮದಲ್ಲಿ ಗೆದ್ದು ತೋರಿಸಿದವರು ಮಂಡಳಿಗೆ ಬರಬೇಕು, ಬಂಡವಾಳ ತೊಡಗಿಸುವಲ್ಲಿ ಶಿಸ್ತು ಬೇಕು, ಬದಲಾಗುವ ಜಗತ್ತಿಗೆ ತಕ್ಕ ದೀರ್ಘಾವಧಿ ಯೋಜನೆ ಬೇಕು, ಆಡಳಿತದವರ ಸಂಭಾವನೆಯನ್ನು ಷೇರುದಾರರ ಲಾಭಕ್ಕೆ ಹೊಂದಿಸಬೇಕು. ಇವುಗಳ ಕ್ರಮವನ್ನು ಗಮನಿಸಬೇಕು. ಮೊದಲ ಎರಡು ಹಣದ ಮತ್ತು ಸಾಮರ್ಥ್ಯದ ಪ್ರಶ್ನೆಗಳಾಗಿದ್ದು ಹವಾಮಾನದ ಮಾತು ಅವುಗಳ ಬೆನ್ನಿಗೆ ಬರುತ್ತದೆ. ಈ ಜೋಡಣೆಯೇ ಪ್ರಚಾರದ ಬುದ್ಧಿವಂತಿಕೆಯೆಂದು ನನಗೆ ತೋರುತ್ತದೆ. ಏಕೆಂದರೆ ಹವಾಮಾನದ ಬಗ್ಗೆ ತಲೆಕೆಡಿಸಿಕೊಳ್ಳದ ಷೇರುದಾರನೂ ತನ್ನ ಹಣ ಹತ್ತು ವರ್ಷ ಬೆಳೆಯಲಿಲ್ಲವೇಕೆ ಎಂದು ಕೇಳಲೇಬೇಕಾಗುತ್ತದೆ.

ಮೊದಲ ಪ್ರಶ್ನೆ: ಬದಲಾವಣೆ ಬೇಕೇ?

ಮತದಾನದ ಸಲಹೆ ನೀಡುವ ಐಎಸ್‌ಎಸ್ ಸಂಸ್ಥೆ ಪೈಪೋಟಿಯ ಚುನಾವಣೆಗಳಲ್ಲಿ ಎರಡು ಹಂತದ ಪರೀಕ್ಷೆಯನ್ನು ಅನುಸರಿಸುತ್ತದೆ. ಬದಲಾವಣೆ ಬೇಕೆಂಬುದನ್ನು ಭಿನ್ನಮತದವರು, ಅಂದರೆ ಮಂಡಳಿಯ ಎದುರು ತಮ್ಮ ಪಟ್ಟಿ ನಿಲ್ಲಿಸಿದವರು, ಸಾಬೀತುಪಡಿಸಿದ್ದಾರೆಯೇ ಎಂಬುದು ಮೊದಲ ಹಂತ. ಹೌದಾದರೆ ಆ ಬದಲಾವಣೆಯನ್ನು ತರಲು ಯಾರು ತಕ್ಕವರು ಎಂಬುದು ಎರಡನೆಯದು. ಸಲಹೆಯನ್ನು ನೆಚ್ಚದೆ ತಾವೇ ನಿರ್ಧರಿಸುವ ದೊಡ್ಡ ನಿಧಿಗಳೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ಯೋಚಿಸುತ್ತವೆ.

ಮೊದಲ ಹಂತದಲ್ಲಿ ಎಚ್ಚರ ತಪ್ಪುವುದು ಸುಲಭ. ಎಕ್ಸಾನ್ 2020ರಲ್ಲಿ 2,240 ಕೋಟಿ ಡಾಲರ್ ನಷ್ಟ ತೋರಿಸಿತ್ತು. ಎಕ್ಸಾನ್ ಮತ್ತು ಮೊಬಿಲ್ 1999ರಲ್ಲಿ ಒಂದಾದ ಮೇಲೆ ಅದು ಮೊದಲ ವಾರ್ಷಿಕ ನಷ್ಟ. 1928ರಿಂದ ಸ್ಥಾನ ಪಡೆದಿದ್ದ ಡೌ ಜೋನ್ಸ್ ಸೂಚ್ಯಂಕದಿಂದಲೂ ಅದೇ ವರ್ಷ ಅದು ಹೊರಬಿದ್ದಿತ್ತು. ಆದರೆ ಕೊರೊನಾ ಕಾಲದಲ್ಲಿ ತೈಲದ ಬೇಡಿಕೆಯೇ ಕುಸಿದಾಗ ಶೆಲ್, ಬಿಪಿ, ಶೆವ್ರಾನ್ ಕೂಡ ನಷ್ಟ ಅನುಭವಿಸಿದ್ದವು. ಕಾಲ ಕೆಟ್ಟದ್ದರಿಂದ ಆದ ನಷ್ಟಕ್ಕೆ ನಿರ್ದೇಶಕರನ್ನು ಹೊಣೆ ಮಾಡುವುದು ನ್ಯಾಯವಲ್ಲ, ಹಾಗೆಯೇ ಕಾಲ ಕೂಡಿ ಬಂದಾಗಿನ ಲಾಭವನ್ನು ಅವರ ಲೆಕ್ಕಕ್ಕೆ ಬರೆಯುವುದೂ ಸರಿಯಲ್ಲ.

ಆದ್ದರಿಂದ ವಾದದ ಭಾರವೆಲ್ಲ ಬಿದ್ದದ್ದು ಕೊರೊನಾಕ್ಕಿಂತ ಹಿಂದಿನ ನಿರ್ಧಾರಗಳ ಮೇಲೆ. ಎಕ್ಸಾನ್ 2010ರಲ್ಲಿ ಸಾಲವೂ ಸೇರಿ ಸುಮಾರು 4,100 ಕೋಟಿ ಡಾಲರ್ ಮೌಲ್ಯದ ವ್ಯವಹಾರದಲ್ಲಿ ಎಕ್ಸ್‌ಟಿಒ ಎನರ್ಜಿ ಎಂಬ ನೈಸರ್ಗಿಕ ಅನಿಲ ಕಂಪನಿಯನ್ನು ಕೊಂಡಿತ್ತು. ಮುಂದೆ ಅನಿಲದ ಬೆಲೆ ಕುಸಿಯಿತು. ಆದರೂ ಲೆಕ್ಕಪುಸ್ತಕದಲ್ಲಿ ತೋರಿಸಿದ್ದ ಆ ಆಸ್ತಿಗಳ ಮೌಲ್ಯವನ್ನು ಕಂಪನಿ ದೊಡ್ಡ ಪ್ರಮಾಣದಲ್ಲಿ ಕಡಿತಗೊಳಿಸಿದ್ದು 2020ರ ಕೊನೆಯಲ್ಲಿ. ಆಗ ಮುಖ್ಯವಾಗಿ ಅನಿಲ ಆಸ್ತಿಗಳಿಗಾಗಿ ಸುಮಾರು 1,900 ಕೋಟಿ ಡಾಲರ್ ಕಡಿತ ತೋರಿಸಬೇಕಾಯಿತು. ಇದರ ನಡುವೆ, 2018ರಲ್ಲಿ, ಮುಖ್ಯ ಕಾರ್ಯನಿರ್ವಾಹಕ ಡ್ಯಾರೆನ್ ವುಡ್ಸ್ ವಾರ್ಷಿಕ ಹೂಡಿಕೆಯನ್ನು 3,000 ಕೋಟಿ ಡಾಲರಿನ ಆಚೆಗೆ ಒಯ್ಯುವ ಯೋಜನೆಯನ್ನು ಮುಂದಿಟ್ಟಿದ್ದರು ಮತ್ತು ಮಂಡಳಿ ಅದರ ಜೊತೆಗೆ ನಿಂತಿತ್ತು. ಸಾಲ ಏರುತ್ತ 2020ರ ಕೊನೆಗೆ 6,700 ಕೋಟಿ ಡಾಲರ್ ದಾಟಿತು. ಬೆಲೆ ಕುಸಿಯಬಹುದೆಂಬ ಸಾಧ್ಯತೆಯನ್ನು ಯಾರಾದರೂ ಮಂಡಳಿಯಲ್ಲಿ ಗಟ್ಟಿಯಾಗಿ ಎತ್ತಿ ಆಡಿದ್ದರೇ ಎಂಬುದು ಷೇರುದಾರರ ನಿಜವಾದ ಪ್ರಶ್ನೆಯಾಗಿತ್ತು.

ಈ ಪ್ರಶ್ನೆ ಮಂಡಳಿಯ ರಚನೆಯ ಕಡೆಗೆ ಕಣ್ಣು ಹೊರಳಿಸಿತು. ಅಲ್ಲಿದ್ದವರು ಸಾಮಾನ್ಯರಲ್ಲ. ಐಬಿಎಂನ ಮಾಜಿ ಮುಖ್ಯಸ್ಥ ಸ್ಯಾಮುಯೆಲ್ ಪಾಮಿಸಾನೋ, ಪೆಪ್ಸಿಕೋದ ಮಾಜಿ ಮುಖ್ಯಸ್ಥ ಸ್ಟೀವನ್ ರೈನೆಮಂಡ್, ಔಷಧ ಕಂಪನಿ ಮರ್ಕ್‌ನ ಮುಖ್ಯಸ್ಥ ಕೆನೆತ್ ಫ್ರೇಜಿಯರ್, ವಾತಾವರಣ ವಿಜ್ಞಾನಿ ಸೂಸನ್ ಏವರಿ ಮೊದಲಾದವರಿದ್ದ ಆ ಪಟ್ಟಿಯಲ್ಲಿ ಒಬ್ಬೊಬ್ಬರ ಯೋಗ್ಯತೆಯೂ ಪ್ರಶ್ನಾತೀತ. ಆದರೆ ಪ್ರಚಾರ ಆರಂಭವಾದಾಗ ಆ ಸ್ವತಂತ್ರ ನಿರ್ದೇಶಕರ ಪೈಕಿ ಬೇರೊಂದು ಇಂಧನ ಕಂಪನಿಯನ್ನು ನಡೆಸಿ ಬಂದವರು ಯಾರೂ ಇರಲಿಲ್ಲ. ಬಾವಿ ಕೊರೆಯುವ ಖರ್ಚು, ಸಂಸ್ಕರಣೆಯ ಲಾಭಾಂತರ, ಅನಿಲದ ಮುಂದಿನ ಬೆಲೆ ಇವುಗಳ ಬಗ್ಗೆ ಆಡಳಿತದವರು ಒಪ್ಪಿಸುವ ಲೆಕ್ಕವನ್ನು ತನ್ನ ಅನುಭವದಿಂದಲೇ ಪ್ರಶ್ನಿಸಬಲ್ಲ ಒಬ್ಬರೂ ಇಲ್ಲದ ಮಂಡಳಿ, ಬಿಡಿಬಿಡಿಯಾಗಿ ಎಷ್ಟೇ ಗಟ್ಟಿಯಾಗಿದ್ದರೂ, ಒಟ್ಟಾಗಿ ಮೇಲ್ವಿಚಾರಣೆ ಮಾಡಲಾರದು. ನಿರ್ದೇಶಕನನ್ನು ಒಂಟಿಯಾಗಿ ಅಳೆಯುವುದಕ್ಕೂ ಮಂಡಳಿಯ ಒಂದು ಭಾಗವಾಗಿ ಅಳೆಯುವುದಕ್ಕೂ ಇರುವ ಈ ವ್ಯತ್ಯಾಸದ ಮೇಲೆಯೇ ಇಡೀ ಚುನಾವಣೆ ನಿಂತಿತ್ತು.

ಕಂಪನಿ ಸುಮ್ಮನೆ ಕೂರಲಿಲ್ಲ. ಮುಂದಿನ ವರ್ಷಗಳ ಹೂಡಿಕೆಯನ್ನು ವರ್ಷಕ್ಕೆ 2,000–2,500 ಕೋಟಿ ಡಾಲರಿನ ಮಟ್ಟಕ್ಕೆ ಇಳಿಸಿತು, ಇಂಗಾಲ ತಗ್ಗಿಸುವ ತಂತ್ರಜ್ಞಾನಗಳಿಗೆಂದು ಹೊಸ ವಿಭಾಗವನ್ನು ತೆರೆಯಿತು, ಕಷ್ಟಕಾಲದಲ್ಲೂ ಲಾಭಾಂಶಕ್ಕೆ ಕತ್ತರಿ ಹಾಕಲಿಲ್ಲ. 2021ರ ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ಮೂವರು ಹೊಸ ನಿರ್ದೇಶಕರನ್ನು ಸೇರಿಸಿಕೊಂಡಿತು. ಅವರಲ್ಲಿ ಮಲೇಷ್ಯಾದ ಪೆಟ್ರೋನಾಸ್ ಕಂಪನಿಯ ಮಾಜಿ ಮುಖ್ಯಸ್ಥ ವಾನ್ ಜುಲ್ಕಿಫ್ಲಿ ವಾನ್ ಅರಿಫಿನ್ ಒಬ್ಬರು. ಸಭೆಗೆ ಎರಡೇ ದಿನ ಇರುವಾಗ, ಇಂಧನ ಉದ್ಯಮದ ಮತ್ತು ಹವಾಮಾನದ ಅನುಭವವುಳ್ಳ ಇನ್ನಿಬ್ಬರನ್ನು ಒಂದು ವರ್ಷದೊಳಗೆ ತರುವುದಾಗಿಯೂ ಹೇಳಿತು. ಆದರೆ ಪ್ರತಿಯೊಂದು ರಿಯಾಯಿತಿಯೂ ಎದುರಾಳಿಯ ವಾದವನ್ನು ಒಪ್ಪಿಕೊಂಡಂತೆಯೇ ಕೇಳಿಸಿತು. ಮಂಡಳಿಯಲ್ಲಿ ಕೊರತೆ ಇಲ್ಲವೆಂದಾದರೆ ಅದನ್ನು ತುಂಬುವ ಭರವಸೆ ಕೊನೆಯ ವಾರದಲ್ಲಿ ಏಕೆ ಬೇಕಾಯಿತು ಎಂಬ ಪ್ರಶ್ನೆಗೆ ಅದರ ಬಳಿ ಒಳ್ಳೆಯ ಉತ್ತರವಿರಲಿಲ್ಲ.

ಎರಡನೆಯ ಪ್ರಶ್ನೆ: ಯಾರು?

ಇಂಜಿನ್ ನಂಬರ್ ಒನ್ ಮುಂದಿಟ್ಟ ನಾಲ್ವರಲ್ಲಿ ಗ್ರೆಗರಿ ಗಾಫ್ ತೈಲ ಸಂಸ್ಕರಣೆಯಲ್ಲಿ ಪಳಗಿದವರು. ಟೆಸೊರೊ, ಮುಂದೆ ಆಂಡೀವರ್ ಎಂದಾದ ಕಂಪನಿಯನ್ನು 2010ರಿಂದ ಮುನ್ನಡೆಸಿ ಷೇರುದಾರರ ಹಣವನ್ನು ಹಲವು ಪಟ್ಟು ಬೆಳೆಸಿದ್ದರು. 2018ರಲ್ಲಿ ಅದನ್ನು ಮ್ಯಾರಥಾನ್ ಪೆಟ್ರೋಲಿಯಂ ಕೊಂಡಿತು. ಕೈಸಾ ಹಿಯೆತಲಾ ಫಿನ್ಲೆಂಡಿನ ನೆಸ್ಟೆ ಕಂಪನಿಯಲ್ಲಿ ನವೀಕರಿಸಬಹುದಾದ ಇಂಧನಗಳ ವಿಭಾಗದ ಮುಖ್ಯಸ್ಥೆಯಾಗಿದ್ದವರು. ಸಾಧಾರಣ ತೈಲ ಸಂಸ್ಕರಣಾ ಕಂಪನಿಯೊಂದು ನವೀಕರಿಸಬಹುದಾದ ಡೀಸೆಲ್‌ನ ಜಗತ್ತಿನ ಅತಿದೊಡ್ಡ ಉತ್ಪಾದಕನಾಗಿ ಮಾರ್ಪಟ್ಟ ಕಾಲದಲ್ಲಿ, ಅದೂ ಲಾಭ ಗಳಿಸುತ್ತಲೇ ಮಾರ್ಪಟ್ಟ ಕಾಲದಲ್ಲಿ, ಅವರು ಅಲ್ಲಿದ್ದರು. ಅಲೆಕ್ಸಾಂಡರ್ ಕಾರ್ಸ್ನರ್ ಅಮೆರಿಕದ ಇಂಧನ ಇಲಾಖೆಯಲ್ಲಿ ಸಹಾಯಕ ಕಾರ್ಯದರ್ಶಿಯಾಗಿದ್ದು ಆಮೇಲೆ ತಂತ್ರಜ್ಞಾನ ಮತ್ತು ಹೂಡಿಕೆಯ ಕ್ಷೇತ್ರಗಳಲ್ಲಿ ದುಡಿದವರು. ಆಂಡರ್ಸ್ ರೂನೆವಾಡ್ ಡೆನ್ಮಾರ್ಕಿನ ಗಾಳಿಯಂತ್ರ ತಯಾರಕ ವೆಸ್ಟಾಸ್ ಕಂಪನಿಯನ್ನು ನಷ್ಟದಿಂದ ಮೇಲೆತ್ತಿದವರು.

ಸಾಧನೆಯೊಂದನ್ನೇ ನೋಡಿದರೆ ರೂನೆವಾಡ್ ಯಾರಿಗೂ ಕಡಿಮೆಯಲ್ಲ. ಮುಳುಗುತ್ತಿದ್ದ ಕಂಪನಿಯನ್ನು ಲಾಭಕ್ಕೆ ತಂದ ಮುಖ್ಯಸ್ಥನನ್ನು ಬಹಳಷ್ಟು ಮಂಡಳಿಗಳು ಎದುರುಗೊಂಡು ಕರೆದೊಯ್ಯುತ್ತವೆ. ಆದರೂ ಐಎಸ್‌ಎಸ್ ಶಿಫಾರಸು ಮಾಡಿದ್ದು ಗಾಫ್, ಹಿಯೆತಲಾ ಮತ್ತು ಕಾರ್ಸ್ನರ್ ಅವರನ್ನು. ಅಂಥದೇ ಇನ್ನೊಂದು ಸಲಹಾ ಸಂಸ್ಥೆಯಾದ ಗ್ಲಾಸ್ ಲೂಯಿಸ್, ಗಾಫ್ ಮತ್ತು ಹಿಯೆತಲಾ ಅವರಿಗಷ್ಟೇ ಮತ ಹಾಕಲು ಹೇಳಿತು. ಬ್ಲ್ಯಾಕ್‌ರಾಕ್ ಆ ಮೂವರಿಗೂ, ಅದರಂತೆಯೇ ದೊಡ್ಡ ಆಸ್ತಿ ನಿರ್ವಹಣಾ ಸಂಸ್ಥೆಯಾದ ವ್ಯಾನ್‌ಗಾರ್ಡ್ ಆ ಇಬ್ಬರಿಗೂ ಮತ ಹಾಕಿದವು. ನಾಲ್ಕು ಸಂಸ್ಥೆಗಳು ತಮ್ಮತಮ್ಮಲ್ಲೇ ಭಿನ್ನವಾಗಿ ತೀರ್ಮಾನಿಸಿದರೂ ಗಾಫ್ ಮತ್ತು ಹಿಯೆತಲಾ ಎಲ್ಲರ ಪಟ್ಟಿಯಲ್ಲೂ ಇದ್ದರು, ರೂನೆವಾಡ್ ಯಾರ ಪಟ್ಟಿಯಲ್ಲೂ ಇರಲಿಲ್ಲ.

ನನ್ನ ಓದು ಹೀಗಿದೆ. ಗಾಫ್ ಮತ್ತು ಹಿಯೆತಲಾ ಅವರ ಅನುಭವ ಎಕ್ಸಾನ್ ಆಗಲೇ ನಡೆಸುತ್ತಿದ್ದ ವ್ಯವಹಾರಕ್ಕೆ ನೇರವಾಗಿ ತಾಗುತ್ತಿತ್ತು. ಸಂಸ್ಕರಣಾ ಘಟಕ, ಸಾಗಣೆ, ದ್ರವ ಇಂಧನ ಇವೆಲ್ಲ ಎಕ್ಸಾನ್‌ನ ಮನೆಯೊಳಗಿನ ವಿಷಯಗಳು. ಹಿಯೆತಲಾ ಅವರ ಪರಿವರ್ತನೆಯ ಅನುಭವವೂ ಅದೇ ಕೊಳವೆ, ಅದೇ ಟ್ಯಾಂಕು, ಅದೇ ಗ್ರಾಹಕರ ನಡುವೆ ಬೆಳೆದದ್ದು. ಗಾಳಿ ವಿದ್ಯುತ್ತಿನ ವ್ಯವಹಾರವಾದರೋ ಎಕ್ಸಾನ್‌ನಲ್ಲಿ ಇರಲಿಲ್ಲ, ಅದಕ್ಕೆ ಇಳಿಯುವ ಇರಾದೆ ತನಗಿಲ್ಲವೆಂದೂ ಕಂಪನಿ ಸ್ಪಷ್ಟವಾಗಿ ಹೇಳಿತ್ತು. ರೂನೆವಾಡ್ ಅವರನ್ನು ಆರಿಸುವುದೆಂದರೆ ಕಂಪನಿ ಬೇರೆ ವ್ಯವಹಾರಕ್ಕೆ ಹೋಗಲಿ ಎಂದು ಷೇರುದಾರರೇ ನಿರ್ಧರಿಸಿದಂತಾಗುತ್ತಿತ್ತು. ದೊಡ್ಡ ನಿಧಿಗಳು ಅಷ್ಟು ದೂರ ಹೋಗಲು ಸಿದ್ಧವಿರಲಿಲ್ಲ. ಕಾರ್ಸ್ನರ್ ಈ ಎರಡರ ನಡುವೆ ನಿಂತಿದ್ದರು. ಸರ್ಕಾರದ ನೀತಿ ಹೇಗೆ ಬದಲಾಗುತ್ತದೆಂಬ ತಿಳಿವಳಿಕೆ ತೈಲ ಕಂಪನಿಗೆ ಬೇಕೇ ಬೇಕು, ಆದರೆ ದೊಡ್ಡ ಕಂಪನಿಯೊಂದನ್ನು ನಡೆಸಿ ಲಾಭ ತೋರಿಸಿದ ದಾಖಲೆ ಅವರ ಬೆನ್ನಿಗಿರಲಿಲ್ಲ. ಅವರ ಮತ ಎಣಿಕೆ ತೂಗುಯ್ಯಾಲೆಯಾಡಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಮತಪತ್ರದ ಕಟ್ಟುಪಾಡು

ಇಲ್ಲಿ ಒಂದು ತಾಂತ್ರಿಕ ಸಂಗತಿಯನ್ನು ವಿವರವಾಗಿ ಹೇಳಲೇಬೇಕು, ಇಲ್ಲದಿದ್ದರೆ ಸೋತವರ ಪಟ್ಟಿ ತಪ್ಪು ಅರ್ಥ ಕೊಡುತ್ತದೆ. ಆಗಿನ ನಿಯಮದಂತೆ ಎರಡೂ ಪಕ್ಷಗಳು ಬೇರೆ ಬೇರೆ ಮತಪತ್ರ ಕಳುಹಿಸಿದ್ದವು. ಕಂಪನಿಯದು ನೀಲಿ, ಇಂಜಿನ್ ನಂಬರ್ ಒನ್‌ನದು ಬಿಳಿ. ಒಬ್ಬ ಷೇರುದಾರ ಎಷ್ಟು ಸಲ ಕಳುಹಿಸಿದರೂ ಕೊನೆಗೆ ಕಳುಹಿಸಿದ ಪತ್ರವೇ ಲೆಕ್ಕಕ್ಕೆ ಬರುತ್ತದೆ. ನೀಲಿ ಪತ್ರದಲ್ಲಿ ಭಿನ್ನಮತದ ನಾಲ್ವರ ಹೆಸರೇ ಇರಲಿಲ್ಲ. ಬಿಳಿ ಪತ್ರದಲ್ಲಿ ಆ ನಾಲ್ವರ ಜೊತೆಗೆ ಕಂಪನಿಯ 12 ಮಂದಿಯಲ್ಲಿ ಎಂಟು ಮಂದಿಯನ್ನು ಬೆಂಬಲಿಸಲು ಅವಕಾಶವಿತ್ತು; ಯಾವ ನಾಲ್ವರನ್ನು ಬಿಡಬೇಕೆಂಬುದನ್ನು ಮಾತ್ರ ಭಿನ್ನಮತದವರೇ ಮೊದಲು ತೀರ್ಮಾನಿಸಿರುತ್ತಿದ್ದರು. ಪೈಪೋಟಿಯ ಚುನಾವಣೆಯಾದ್ದರಿಂದ ಅತಿ ಹೆಚ್ಚು ಮತ ಪಡೆದ 12 ಮಂದಿ ಗೆಲ್ಲುತ್ತಿದ್ದರು.

ಇದರ ಪರಿಣಾಮವೇನು? ಗಾಫ್ ಒಬ್ಬರೇ ಸಾಕೆಂದು ಬಯಸಿದ ಷೇರುದಾರನೂ ಬಿಳಿ ಪತ್ರವನ್ನೇ ಬಳಸಬೇಕಿತ್ತು, ಹಾಗೆ ಬಳಸಿದೊಡನೆ ಅದರಲ್ಲಿ ಹೆಸರಿಲ್ಲದ ಹಾಲಿ ನಿರ್ದೇಶಕರಿಗೆ ಮತ ಹಾಕುವ ಅವಕಾಶವನ್ನು ಕಳೆದುಕೊಳ್ಳುತ್ತಿದ್ದ. ಕೊನೆಗೆ ಸ್ಥಾನ ಕಳೆದುಕೊಂಡವರು ಪಾಮಿಸಾನೋ, ರೈನೆಮಂಡ್ ಮತ್ತು ವಾನ್ ಜುಲ್ಕಿಫ್ಲಿ. ಮೂರನೆಯವರ ಸೋಲು ಮೇಲ್ನೋಟಕ್ಕೆ ವಿಚಿತ್ರ. ಮಂಡಳಿಯಲ್ಲಿ ಇಂಧನದ ಅನುಭವ ಇಲ್ಲವೆಂದು ದೂರಿದ ಚುನಾವಣೆಯಲ್ಲೇ ಬೇರೊಂದು ದೊಡ್ಡ ತೈಲ ಕಂಪನಿಯನ್ನು ನಡೆಸಿದ್ದವರು ಹೊರಬಿದ್ದರು. ಇಂಥ ಮತಪತ್ರದ ವ್ಯವಸ್ಥೆಯಲ್ಲಿ ಅದನ್ನು ಅವರ ಅನುಭವದ ಬಗೆಗಿನ ತೀರ್ಪೆಂದು ಓದುವುದು ಸರಿಯಲ್ಲ. ಯಾರು ಒಳಬಂದರು ಎಂಬುದು ಷೇರುದಾರರ ಮೌಲ್ಯಮಾಪನವನ್ನು ಹೇಳುವಷ್ಟು ನಂಬಿಕೆಯಿಂದ ಯಾರು ಹೊರಹೋದರು ಎಂಬುದು ಹೇಳುವುದಿಲ್ಲ. ಇದು ಷೇರುದಾರರ ಅವಿವೇಕವಲ್ಲ, ಅವರ ಕೈಗೆ ಕೊಟ್ಟ ಸಾಧನದ ದೋಷ. ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗ 2021ರ ನವೆಂಬರ್‌ನಲ್ಲಿ, ಎರಡೂ ಪಕ್ಷಗಳ ಎಲ್ಲ ಹೆಸರುಗಳೂ ಒಂದೇ ಮತಪತ್ರದಲ್ಲಿ ಇರಬೇಕೆಂಬ ನಿಯಮವನ್ನು ಅಂಗೀಕರಿಸಿತು. 2022ರ ಆಗಸ್ಟ್ 31ರ ನಂತರದ ಸಭೆಗಳಿಗೆ ಅದು ಜಾರಿಯಾಯಿತು.

ಸಭೆಯ ದಿನ ಮತ್ತು ಅನಂತರ

ಸಭೆ ಆನ್‌ಲೈನಿನಲ್ಲಿ ನಡೆಯಿತು. ಕಂಪನಿ ನಡುವೆ ಸುಮಾರು ಒಂದು ಗಂಟೆ ವಿರಾಮ ಘೋಷಿಸಿ ಮತದಾನವನ್ನು ತೆರೆದಿಟ್ಟದ್ದು ಎದುರಾಳಿಗಳ ಆಕ್ಷೇಪಕ್ಕೆ ಗುರಿಯಾಯಿತು. ಅಂದೇ ಗಾಫ್ ಮತ್ತು ಹಿಯೆತಲಾ ಅವರ ಗೆಲುವು ಖಚಿತವಾಯಿತು, ಕಾರ್ಸ್ನರ್ ಅವರದು ಜೂನ್ 2ರಂದು ತಿಳಿಯಿತು. ವುಡ್ಸ್ ತಮ್ಮ ಸ್ಥಾನವನ್ನು ಉಳಿಸಿಕೊಂಡರು. ಬ್ಲ್ಯಾಕ್‌ರಾಕ್, ವ್ಯಾನ್‌ಗಾರ್ಡ್ ಮತ್ತು ಸ್ಟೇಟ್ ಸ್ಟ್ರೀಟ್ ಸೇರಿ ಸುಮಾರು ಐದನೇ ಒಂದು ಭಾಗದಷ್ಟು ಷೇರುಗಳನ್ನು ಹೊಂದಿದ್ದವು. ಇವುಗಳ ಹಣದಲ್ಲಿ ಹೆಚ್ಚಿನದು ಸೂಚ್ಯಂಕವನ್ನು ಅನುಸರಿಸುವ, ಅಂದರೆ ಸೂಚ್ಯಂಕದಲ್ಲಿರುವ ಷೇರುಗಳನ್ನು ಹಿಡಿದಿಟ್ಟುಕೊಳ್ಳಲೇಬೇಕಾದ, ನಿಧಿಗಳಲ್ಲಿದ್ದುದರಿಂದ, ಬೇಸರವಾದಾಗ ಷೇರು ಮಾರಿ ಹೊರನಡೆಯುವ ದಾರಿ ಅವುಗಳಿಗಿರಲಿಲ್ಲ. ಮಾರಲಾಗದವನಿಗೆ ಮಂಡಳಿಯನ್ನು ಸರಿಪಡಿಸುವುದೊಂದೇ ಉಳಿದ ದಾರಿ. ಶೇ 0.02ರ ಒಡೆತನದ ಸಂಸ್ಥೆ ಗೆದ್ದದ್ದರ ಗುಟ್ಟು ಇಲ್ಲಿದೆ: ಅದು ಹೆಸರುಗಳನ್ನು ಒದಗಿಸಿತು, ತೂಕವನ್ನು ಬೇರೆಯವರು ಕೊಟ್ಟರು.

ಹೊಸ ನಿರ್ದೇಶಕರಿಂದ ಏನಾಯಿತೆಂದು ಬೇರ್ಪಡಿಸಿ ತೋರಿಸುವುದು ಕಷ್ಟ. ಕಂಪನಿ ಸಾಲವನ್ನು ಇಳಿಸಿತು. ತನ್ನ ಕಾರ್ಯಾಚರಣೆಗಳ ಹೊರಸೂಸುವಿಕೆಯನ್ನು 2050ರ ಹೊತ್ತಿಗೆ ನಿವ್ವಳ ಶೂನ್ಯಕ್ಕೆ ತರುವ ಗುರಿಯನ್ನು 2022ರ ಜನವರಿಯಲ್ಲಿ ಪ್ರಕಟಿಸಿತು. ಅದೇ ವರ್ಷ ಬಂದ 5,570 ಕೋಟಿ ಡಾಲರ್ ಲಾಭಕ್ಕೆ ಮುಖ್ಯ ಕಾರಣ ತೈಲ ಮತ್ತು ಅನಿಲದ ಏರಿದ ಬೆಲೆ. 2020ರ ನಷ್ಟದ ಬಗ್ಗೆ ಹೇಳಿದ ಮಾತು ಈ ಲಾಭಕ್ಕೂ ಅನ್ವಯಿಸುತ್ತದೆ. 2024ರ ಮೇನಲ್ಲಿ ಎಕ್ಸಾನ್ ಸುಮಾರು 6,000 ಕೋಟಿ ಡಾಲರ್ ಮೌಲ್ಯದ ವ್ಯವಹಾರದಲ್ಲಿ ಪಯೋನಿಯರ್ ತೈಲ ಕಂಪನಿಯನ್ನು ತನ್ನದಾಗಿಸಿಕೊಂಡಿತು. ಹವಾಮಾನದ ಹೆಸರಿನಲ್ಲಿ ಮಂಡಳಿ ಬದಲಾಯಿತೆಂದು ನಂಬಿದ್ದವರಿಗೆ ಇದು ದ್ರೋಹದಂತೆ ಕಂಡಿತು. ಗಾಫ್ ಮತ್ತು ಹಿಯೆತಲಾ ಅವರಿಗೆ ಬಿದ್ದ ಮತಗಳನ್ನು ಸಾಮರ್ಥ್ಯಕ್ಕೆ ಮತ್ತು ಹಣದ ಶಿಸ್ತಿಗೆ ಬಿದ್ದ ಮತಗಳೆಂದು ಓದಿದವರಿಗೆ ಅದರಲ್ಲಿ ವಿರೋಧಾಭಾಸ ಕಾಣುವುದಿಲ್ಲ.

ಅದೇ 2024ರ ಮೇ ತಿಂಗಳ ಸಭೆ 2021ರದ್ದಕ್ಕೆ ಪಕ್ಕದಲ್ಲಿಟ್ಟು ನೋಡಬೇಕಾದದ್ದು. ಆ ವರ್ಷದ ಆರಂಭದಲ್ಲಿ ಎಕ್ಸಾನ್, ಹೊರಸೂಸುವಿಕೆಯ ಬಗ್ಗೆ ನಿರ್ಣಯ ಮಂಡಿಸಿದ್ದ ಅರ್ಜುನ ಕ್ಯಾಪಿಟಲ್ ಮತ್ತು ಫಾಲೋ ದಿಸ್ ಎಂಬ ಇಬ್ಬರು ಷೇರುದಾರರ ಮೇಲೆ ಮೊಕದ್ದಮೆ ಹೂಡಿತ್ತು. ಅವರು ನಿರ್ಣಯವನ್ನು ಹಿಂತೆಗೆದುಕೊಂಡ ಮೇಲೂ ಅದನ್ನು ಮುಂದುವರಿಸಿತ್ತು. ಷೇರುದಾರರ ಹಕ್ಕಿನ ಮೇಲೆಯೇ ಇದು ಹೊಡೆತವೆಂದು ಕ್ಯಾಲಿಫೋರ್ನಿಯಾದ ಸರ್ಕಾರಿ ನೌಕರರ ಪಿಂಚಣಿ ನಿಧಿ ಕ್ಯಾಲ್ಪರ್ಸ್, ವುಡ್ಸ್ ಸೇರಿದಂತೆ 12 ನಿರ್ದೇಶಕರ ವಿರುದ್ಧವೂ ಮತ ಹಾಕಿತು. ಅವರಲ್ಲಿ 2021ರಲ್ಲಿ ಭಿನ್ನಮತದ ಪಟ್ಟಿಯಿಂದ ಗೆದ್ದು ಬಂದ ಕೆಲವರೂ ಇದ್ದರು. ಗ್ಲಾಸ್ ಲೂಯಿಸ್ ಮತ್ತು ನಾರ್ವೆಯ ರಾಷ್ಟ್ರೀಯ ನಿಧಿ ಬೇರೆ ದಾರಿ ಹಿಡಿದವು. ಮುಖ್ಯ ಕಾರ್ಯನಿರ್ವಾಹಕರೇ ಅಧ್ಯಕ್ಷರಾಗಿರುವ ಮಂಡಳಿಯಲ್ಲಿ ಸ್ವತಂತ್ರ ನಿರ್ದೇಶಕರ ಮುಂದಾಳಾಗಿದ್ದ ಜೋಸೆಫ್ ಹೂಲಿಯವರನ್ನು ಮಾತ್ರ ಅವು ಗುರಿಯಾಗಿಸಿದವು. ನನಗೆ ಎರಡನೆಯದೇ ಹೆಚ್ಚು ನ್ಯಾಯವಾಗಿ ಕಾಣುತ್ತದೆ, ಏಕೆಂದರೆ ಆಡಳಿತದ ಹಟವನ್ನು ತಡೆಯುವ ಹೊಣೆ ಹೆಸರಿಟ್ಟು ಒಪ್ಪಿಸಲಾಗಿದ್ದದ್ದು ಅವರಿಗೆ. ಆದರೆ ಈ ಸಲ ಮತಪತ್ರದಲ್ಲಿ ಬದಲಿ ಹೆಸರುಗಳಿರಲಿಲ್ಲ. ಹೂಲಿಯವರೂ ಸೇರಿ 12 ಮಂದಿಯೂ ಆಯ್ಕೆಯಾದರು. ಕಂಪನಿಯ ಲೆಕ್ಕದಂತೆ ಅವರಿಗೆ ಬಿದ್ದ ಬೆಂಬಲ ಸರಾಸರಿ ಶೇ 95.